ಆರನೇ ಬವೇರಿಯನ್ ರಿಸರ್ವ್ ಡಿವಿಷನ್

ಈ ವಾರ ಸುಮ್ನೆ ಮೊದಲ ಮಹಾಯುದ್ಧದ ಬಗ್ಗೆ ಓದುತ್ತಿದ್ದೆ. ಜರ್ಮನಿಯ ಬವೇರಿಯಾ ಪ್ರಾಂತ್ಯದ ಈ ಪಡೆಯ ಕಥೆ ತಲೆಯಿಂದ ಹೋಗುತ್ತಿಲ್ಲ.

1914ರ ಸೆಪ್ಟೆಂಬರ್‌ನಲ್ಲಿ ಕಟ್ಟಿದ ಪಡೆ. ಅಕ್ಟೋಬರ್ ಕೊನೆಗೆ ಆಗಲೇ ಬೆಲ್ಜಿಯಂನ ಈಪ್ರ್ ಬಳಿ ಯುದ್ಧಕ್ಕೆ ಇಳಿಸಿದರು. ಇವರ ಡಿವಿಷನ್ನಿನ ಒಂದು ತುಕಡಿಯಾದ 16ನೇ ರೆಜಿಮೆಂಟಿಗೆ ಹೆಲ್ಮೆಟ್ ಕೂಡ ಸಿಕ್ಕಿರಲಿಲ್ಲ, ತಲೆಗೆ ಬರೀ ಟೋಪಿ. ಅದು ದೂರಕ್ಕೆ ಬ್ರಿಟಿಷರ ಟೋಪಿಯ ಹಾಗೇ ಕಾಣುತ್ತಿತ್ತು. ಹಾಗಾಗಿ ಜರ್ಮನ್ನರೇ ಇವರ ಮೇಲೆ ಗುಂಡು ಹಾರಿಸಿದರು! ಮೇಲಿನವರ ಅವಸರಕ್ಕೆ ಬಲಿಯಾಗೋದು ಯಾವಾಗಲೂ ಕೆಳಗಿನವರೇ ಅಲ್ವಾ. ಇಲ್ಲಿ ದೊಡ್ಡವರೂ ಉಳಿಯಲಿಲ್ಲ ಅನ್ನಿ, ರೆಜಿಮೆಂಟಿನ ಕರ್ನಲ್ ಲಿಸ್ಟ್ ಅಕ್ಟೋಬರ್ 31ರಂದು ಸತ್ತರು.

1915ರ ಮಾರ್ಚ್‌ನಲ್ಲಿ ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ಇದೇ ಡಿವಿಷನ್ ಮರುದಾಳಿಗೆ ಬಂತು. ಅಲ್ಲಿ ಬ್ರಿಟಿಷರ ಜೊತೆ ನಮ್ಮ ಭಾರತದ ಸೈನಿಕರೂ ಹೋರಾಡುತ್ತಿದ್ದರು.

ಆಮೇಲೆ 1916ರ ಜುಲೈ 19, ಫ್ರಾನ್ಸಿನದೇ ಫ್ರೊಮೆಲ್ ಊರು. ಒಂದೇ ರಾತ್ರಿಯಲ್ಲಿ ಆಸ್ಟ್ರೇಲಿಯಾದ ಸುಮಾರು 5,500 ಜನ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಯಾದರು. ಎದುರಿಗಿದ್ದವರು ಇದೇ ಬವೇರಿಯನ್ನರು. ಸತ್ತ ಶತ್ರುಗಳನ್ನು ಕಾಡಿನ ಪಕ್ಕ ಗುಂಡಿ ತೋಡಿ ಹೂಳಿದರು. 2008ರಲ್ಲಿ ಆ ಗುಂಡಿಗಳು ಸಿಕ್ಕವು, ಮರುವರ್ಷ 250 ಶವಗಳನ್ನು ಹೊರತೆಗೆದರು. ಎಷ್ಟೋ ಜನರ ಹೆಸರು ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಯಿತು.

ಆದರೂ ಈ ಡಿವಿಷನ್ ಅಂದರೆ ಜನಕ್ಕೆ ನೆನಪಾಗೋದು 16ನೇ ರೆಜಿಮೆಂಟಿನಲ್ಲಿ ಸಂದೇಶ ಒಯ್ಯುತ್ತಿದ್ದ ಹಿಟ್ಲರ್ ಒಬ್ಬನೇ. 1918ರಲ್ಲಿ ಅವನಿಗೆ ಮೊದಲ ದರ್ಜೆಯ ಐರನ್ ಕ್ರಾಸ್ ಅನ್ನೋ ಶೌರ್ಯ ಪದಕ ಕೊಡಿಸಲು ಶಿಫಾರಸು ಮಾಡಿದ್ದು ಹ್ಯೂಗೊ ಗುಟ್‌ಮನ್ ಅನ್ನೋ ಯಹೂದಿ ಅಧಿಕಾರಿ. ಮುಂದೆ ನಾಜಿಗಳ ಕಾಟಕ್ಕೆ ಆತನೇ ದೇಶ ಬಿಟ್ಟು ಅಮೆರಿಕ ಸೇರಬೇಕಾಯಿತು.