ಕಾಲಿನ ಕಡೆ ನರ ಬೆಳೆಯುತ್ತೆ, ಬೆನ್ನೊಳಗೆ ಬೆಳೆಯಲ್ಲ
ಬಳ್ಳಾರಿ, 15 ಮೇ 2024, ಬುಧವಾರ

ಹುಣಸೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರ ಕಾಲಿಗೆ 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ (ಮಿಡಿದರೆ ಕಂಪಿಸುವ ಉಕ್ಕಿನ ಕವೆ) ಒತ್ತಿ "ಗೊತ್ತಾಗ್ತೈತಾ?" ಅಂದರೆ ಎಷ್ಟೋ ಸಲ "ಹ್ಞೂಂ" ಬರುತ್ತೆ. ಗೊತ್ತಾಗಿದ್ದು ಒತ್ತಿದ್ದು ಇರಬಹುದು, ಕಂಪನ ಅಲ್ಲ. ಮೊದಲು ಹಣೆಗೆ ಹಿಡಿದು "ಜುಂ ಅನ್ನೋದು ಇದು" ಅಂತ ತಿಳಿಸಿ, ಕಣ್ಣು ಮುಚ್ಚಿಸಿ, ಆಮೇಲೆ ಹೆಬ್ಬೆರಳಿನ ಮೂಳೆ. ನಡುನಡುವೆ ಮಿಡಿಯದ ಫೋರ್ಕನ್ನೂ ಇಟ್ಟು ನೋಡಬೇಕು. ಅದೇ ಉಕ್ಕಿನಲ್ಲಿ ತಂಪು ನೋಡುವ ವಾಡಿಕೆಯೂ ಉಂಟು. ನಮ್ಮೂರ ಮೇ ಬಿಸಿಲಿಗೆ ಉಕ್ಕು ಮೈಯಷ್ಟೇ ಬೆಚ್ಚಗಿರುತ್ತೆ. ಮಡಕೆ ನೀರಲ್ಲಿ ಅದ್ದಿ ಒರೆಸದಿದ್ದರೆ ಸರಿಯಿರುವ ಕಾಲಿಗೂ "ತಂಪು ತಿಳಿಯಲ್ಲ" ಅಂತ ಶೀಟಿನಲ್ಲಿ ಬೀಳುತ್ತೆ.

ಎರಡನ್ನೂ ನೋಡಲೇಬೇಕು, ಯಾಕಂದರೆ ದಾರಿ ಬೇರೆ. ತಂಪು, ಚುಚ್ಚಿದ ನೋವು ಹುರಿಯೊಳಗೆ ಹೊಕ್ಕು, ಒಂದೆರಡು ಮೆಟ್ಟಿಲು ಏರುವಷ್ಟರಲ್ಲಿ ಇನ್ನೊಂದು ಕೋಶಕ್ಕೆ ದಾಟಿ ಆಚೆ ಬದಿಗೆ ಹೋಗುತ್ತವೆ. ಕಂಪನ ಬಂದ ಬದಿಯಲ್ಲೇ ಮೇಲೇರುತ್ತೆ. ಅದಕ್ಕೇ ಹುರಿಯ ಒಂದು ಬದಿಯ ಅರ್ಧ ಮಾತ್ರ ಕತ್ತರಿಸಿದರೆ ಕಂಪನ ಹೋಗೋದು ಅದೇ ಬದಿಯ ಕಾಲಲ್ಲಿ, ನೋವು ಹೋಗೋದು ಎದುರಿನ ಕಾಲಲ್ಲಿ.

ಕಂಪನದ ಸುದ್ದಿ ಅಲ್ಲಿತನಕ ಒಯ್ಯೋದು ಒಂದೇ ನರಕೋಶ. ಆ ಕೋಶದ ಮೈ ಬೆನ್ನುಮೂಳೆ ಪಕ್ಕದ ಗಂಟಿನಲ್ಲಿ. ಒಂದು ಕವಲು ಕಾಲ್ಬೆರಳಿಗೆ, ಇನ್ನೊಂದು ಕವಲು ಹುರಿಯ ಹಿಂಭಾಗದಲ್ಲಿ ಸೀದಾ ಮಿದುಳಿನ ಬುಡಕ್ಕೆ. ಕಾಲ ಕವಲು ತುಂಡಾದರೆ ದಿನಕ್ಕೆ ಸುಮಾರು 1 ಮಿ.ಮೀ. ಮತ್ತೆ ಬೆಳೆಯುತ್ತೆ. ಹುರಿಯೊಳಗಿನದ್ದು ತುಂಡಾದರೆ? ಜೀವಂತ ಸಣ್ಣಿಲಿಯ ಹುರಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು 2005ರಲ್ಲಿ ನೋಡಿದ್ದಾರೆ: ಅರ್ಧ ಗಂಟೆಯೊಳಗೆ ಎರಡೂ ತುದಿ ಸುಮಾರು 0.3 ಮಿ.ಮೀ. ಚೂರುಚೂರಾಗಿ ಹಿಂದೆ ಸರಿದವು. ಕೋಶದಿಂದ ಕಡಿದುಹೋದ ಮೇಲಿನ ತುಂಡು ಒಂದೆರಡು ದಿನ ತಡೆದು, ಆಮೇಲೆ ಒಮ್ಮೆಲೇ ಮುರಿದುಬಿತ್ತು. ಉಳಿದ ಕೆಳತುದಿ ಹಲವು ಎಳೆಗಳಲ್ಲಿ ಒಂದು ದಿನದೊಳಗೇ ಚಿಗುರಿತ್ತು! ಆದರೆ ದಿಕ್ಕು ತಪ್ಪಿ ಅತ್ತಿತ್ತ.

ಮತ್ತೆ ಬೆಳೆಯೋಕೆ ಗಾಯದ ಕಲೆ, ಮಯಲಿನ್‌ನಲ್ಲಿರುವ (ನರದ ಎಳೆಗೆ ಸುತ್ತಿರುವ ಕೊಬ್ಬಿನ ಹೊದಿಕೆ) ನೋಗೋ ಥರದ ಪ್ರೋಟೀನು ಅಡ್ಡಿ ಅನ್ನೋದು ನಿಜ. ಬರೀ ಅದೇ ಅಂದರೆ ಒಪ್ಪಲಾಗದು. 1999ರಲ್ಲಿ ನ್ಯೂಮನ್ ಮತ್ತು ವುಲ್ಫ್ ಎಂಬ ಸಂಶೋಧಕರು ಇಲಿಗಳ ಕಾಲಿನ ನರವನ್ನೂ ಕತ್ತರಿಸಿದರು. ಹುರಿಯ ಜೊತೆಗೇ ಕತ್ತರಿಸಿದಾಗ ಎಳೆಗಳು ಗಾಯದೊಳಗೆ ಬಂದವು. ಒಂದು ವಾರ ಮೊದಲೇ ಕತ್ತರಿಸಿದ್ದಾಗ ಗಾಯ ದಾಟಿ ಮೇಲಕ್ಕೂ ಹೋದವು. ಕಾಲ ಕವಲಿನ ಪೆಟ್ಟು ಗಂಟಿನಲ್ಲಿರುವ ಕೋಶದ ಬೆಳವಣಿಗೆ ಜೀನ್‌ಗಳನ್ನು ಎಬ್ಬಿಸುತ್ತೆ, ಹುರಿಯೊಳಗಿನ ಪೆಟ್ಟು ಅಷ್ಟು ಎಬ್ಬಿಸಲ್ಲ. ಮರದಿಂದ ಬೀಳೋರು ವಾರ ಮೊದಲು ಹೇಳಿ ಬೀಳಲ್ಲ, ಅದೇ ತೊಡಕು.