ಕಾಲು ಬಿಚ್ಚಿಕೊಳ್ಳುವ ಮುಂಚಿನ ಫ್ರೇಮ್‌ಗಳು

ಫ್ರೀಸ್ಟೈಲ್ ಈಜುವಾಗ ತಂಗಿ ಉಸಿರಿಗೆಂದು ಬಲಕ್ಕೆ ತಿರುಗಿದರೆ ಸಾಕು, ಕಾಲುಗಳು ಕತ್ತರಿಯಂತೆ ಬಿಚ್ಚಿಕೊಳ್ಳುತ್ತಿದ್ದವು. ದಡದಲ್ಲಿ ನಿಂತವರಿಗೆಲ್ಲ ಅದು ಕಾಣುತ್ತಿತ್ತು. "ಕಾಲು ಜೋಡಿಸಿಕೋ" ಎಂದು ಹೇಳದವರಿಲ್ಲ. ಜೋಡಿಸಿಕೊಳ್ಳುತ್ತಿದ್ದಳು, ಮುಂದಿನ ಉಸಿರಿಗೆ ಮತ್ತೆ ಅದೇ. ಕೊನೆಗೆ ವಿಡಿಯೊ ತೆಗೆದು ಕಂಪ್ಯೂಟರಿನಲ್ಲಿ ನೋಡೋಣ ಎಂದುಕೊಂಡೆವು.

ಬೇರೆಯವರು ವಿಡಿಯೊದೊಳಗೆ ಬರಬಾರದಲ್ವಾ? ಅದಕ್ಕೇ ಕೊಳ ಖಾಲಿ ಇರುವ ಹೊತ್ತಿನಲ್ಲಿ, ಕೇಳಿಕೊಂಡು ತೆಗೆದೆವು. ಮೊದಲು ದಡದಿಂದ, ಆಮೇಲೆ ನೀರಿನೊಳಗಿಂದ. ಎರಡೂ ಸಲ ಕ್ಯಾಮೆರಾ ಅವಳ ಪಕ್ಕಕ್ಕೆ ನೇರವಾಗಿತ್ತು. ಓರೆಯಾದರೆ ಅಳತೆ ಕೆಡುತ್ತದೆ. ದಡದ ವಿಡಿಯೊ ನೀರಿನ ಮೇಲಿನ ಚಲನೆಗೆ ಮಾತ್ರ ಸರಿ. ನೀರಿನಿಂದ ಹೊರಬರುವಾಗ ಬೆಳಕು ಬಾಗುವುದರಿಂದ, ಮುಳುಗಿದ ಕೈ ಇರುವುದಕ್ಕಿಂತ ಮೇಲೆ ಇದ್ದಂತೆ ಕಾಣುತ್ತದೆ. ಅದರ ಮೇಲೆ ಮೊಣಕೈ ಕೋನ ಅಳೆದು ಪ್ರಯೋಜನವಿಲ್ಲ.

ನಾನು ಬಳಸಿದ್ದು ಕಿನೋವಿಯಾ ಎಂಬ ಉಚಿತ ಸಾಫ್ಟ್‌ವೇರ್. ಒಂದೊಂದೇ ಫ್ರೇಮ್, ಅಂದರೆ ವಿಡಿಯೊದ ಒಂದೊಂದೇ ಬಿಡಿಚಿತ್ರ, ಹಿಂದೆ ಮುಂದೆ ಸರಿಸಬಹುದು, ಚಿತ್ರದ ಮೇಲೆ ಗೆರೆ, ಕೋನ ಎಳೆಯಬಹುದು. ಸ್ಪರ್ಧೆಯ ಕೊಳಗಳಲ್ಲಿ ಈಜುಗಾರರ ಸಾಲುಗಳನ್ನು ಬೇರ್ಪಡಿಸುವ ಲೇನ್ ಹಗ್ಗದ ಬಣ್ಣ ಗೋಡೆಯಿಂದ 5 ಮೀಟರಿಗೆ ಬದಲಾಗುತ್ತದೆ, 15 ಮೀಟರಿಗೆ ಇನ್ನೊಂದು ಗುರುತು ಇರುತ್ತದೆ. ನಡುವಿನ 10 ಮೀಟರೇ ನಮ್ಮ ಅಳತೆಗೋಲು. ಅವಳ ತಲೆ ಅಷ್ಟು ದೂರ ದಾಟಲು ಸುಮಾರು 9 ಸೆಕೆಂಡು ಹಿಡಿಯಿತು. ಸೆಕೆಂಡಿಗೆ 60 ಫ್ರೇಮ್ ಎಂದರೆ, ಒಂದು ಫ್ರೇಮಿಗೆ ಅವಳು ಸರಿಯುವುದು 2 ಸೆಂಟಿಮೀಟರಿಗೂ ಕಡಿಮೆ. ಯಾವ ಕಣ್ಣಿಗೂ ನಿಲುಕದ ವಿವರ ಅದು.

ಕಾಲು ಬಿಚ್ಚಿದ ಫ್ರೇಮಿನಿಂದ ಹಿಂದಕ್ಕೆ ಹೊರಟೆ. ಅದಕ್ಕೂ ಮುಂಚೆ ಸೊಂಟ ಬೇಕಾದ್ದಕ್ಕಿಂತ ಜಾಸ್ತಿ ಹೊರಳಿತ್ತು. ಅದಕ್ಕೂ ಮುಂಚೆ, ಮುಂದೆ ಚಾಚಿರಬೇಕಾದ ಎಡಗೈ ಮೊಣಕೈ ಮಡಚದೆ ನೀರನ್ನು ಕೆಳಕ್ಕೆ ಒತ್ತುತ್ತಿತ್ತು. ಇನ್ನೂ ಹಿಂದೆ ಹೋದರೆ, ತಲೆ ಪಕ್ಕಕ್ಕೆ ತಿರುಗುವ ಬದಲು ಮೇಲಕ್ಕೆ ಏಳುತ್ತಿತ್ತು. ತಲೆ ಎತ್ತಲು ಕೈ ಒತ್ತುತ್ತದೆ, ಕೈ ಇಳಿದ ಮೇಲೆ ಮುಂದೆ ಆಸರೆ ಇಲ್ಲ, ಮೈ ಹೊರಳುತ್ತದೆ, ಹೊರಳುವುದನ್ನು ತಡೆಯಲು ಕಾಲು ಅಗಲವಾಗುತ್ತದೆ. ಪಾಪ, ಆ ಕಾಲುಗಳು ಅವಳನ್ನು ಕಾಪಾಡುತ್ತಿದ್ದವು! ಅವನ್ನೇ ಎಲ್ಲರೂ ಬೈಯುತ್ತಿದ್ದೆವು.

ಅಮೆರಿಕದ ಈಜುಗಾರ ಮಾರ್ಕ್ ಸ್ಪಿಟ್ಜ್ ಅವರ ಕೋಚ್ ಜೇಮ್ಸ್ ಕೌನ್ಸಿಲ್‌ಮನ್ ನೀರಿನೊಳಗೆ ಫಿಲ್ಮ್ ತೆಗೆದು ಈಜನ್ನು ಅಧ್ಯಯನ ಮಾಡಿದವರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಸ್ಪಿಟ್ಜ್ 7 ಚಿನ್ನ ಗೆದ್ದರು. ಫಿಲ್ಮ್ ಸಂಸ್ಕರಿಸಿ ಬರುವವರೆಗೆ ಕಾಯಬೇಕಿದ್ದ ಕಾಲ ಅದು. ನಾವು ಒದ್ದೆ ಟವೆಲ್ ಹೊದ್ದುಕೊಂಡೇ ನೋಡುತ್ತಿದ್ದೆವು.

"ಅಕ್ಕಾ, ಹಾಗಾದ್ರೆ ಕಾಲಿಗೆ ಏನೂ ಮಾಡಬೇಡವಾ?" ಎಂದಳು.

"ಕಾಲನ್ನು ಮರೆತುಬಿಡು. ಒಂದು ಕಣ್ಣು ನೀರಿನಲ್ಲೇ ಇರಲಿ. ಉಸಿರು ಒಳಗೆ ಬರುವವರೆಗೆ ಎಡಗೈ ಮುಂದೆಯೇ ಇರಲಿ."

ಮತ್ತೆ ಈಜಿದಳು, ಮತ್ತೆ ತೆಗೆದೆ. ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಓಡಿಸಿದೆವು. ಕಾಲಿನ ಅಂತರ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿತ್ತು. 10 ಮೀಟರಿನ ಸಮಯ ಹೆಚ್ಚುಕಡಿಮೆ ಅಷ್ಟೇ ಇತ್ತು, ಆದರೆ ಕೈ ಬೀಸಿದ್ದು ಕಡಿಮೆ. ನನಗೆ ಅದೇ ದೊಡ್ಡ ಖುಷಿ.

ಅವಳ ಎಡಗೈ ನೀರಿಗಿಳಿಯುವಾಗ ತಲೆಯ ಮುಂದೆ ಬಲಕ್ಕೆ ದಾಟುತ್ತದೆಯೇ ಎಂಬ ಅನುಮಾನ ಈಗ ಬಂದಿದೆ. ಪಕ್ಕದಿಂದ ತೆಗೆದ ವಿಡಿಯೊದಲ್ಲಿ ಅದು ತಿಳಿಯುವುದಿಲ್ಲ. ಮುಂದಿನ ಸಲ ಕ್ಯಾಮೆರಾವನ್ನು ಗೋಡೆಯ ಬಳಿ ಇಟ್ಟು, ಅವಳು ಎದುರಿಗೆ ಬರುವಾಗ ತೆಗೆಯಬೇಕು.