ಬರೆದು ಹೊಟ್ಟೆ ತುಂಬುತ್ತಾ? ಚೀಲ ಹೊಲಿದ ಕಾದಂಬರಿಕಾರನ ಲೆಕ್ಕ

ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಕೂತಾಗ ಈ ಪ್ರಶ್ನೆ ಬಂದೇ ಬರುತ್ತದೆ. "ಕಥೆ ಬರೀತೀಯಂತಲ್ಲಪ್ಪಾ, ಅದರಿಂದ ಏನಾದ್ರೂ ಸಿಗುತ್ತಾ?" ಕೇಳುವವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಮೊದಲೆಲ್ಲ ನಕ್ಕು ಮಾತು ಬದಲಿಸುತ್ತಿದ್ದೆ. ಈಗ ಥಾಯ್ಲೆಂಡಿನ ಒಬ್ಬ ಕಾದಂಬರಿಕಾರರ ಕಥೆ ಶುರು ಮಾಡುತ್ತೇನೆ. ಅರ್ಧಕ್ಕೆ ಬರುವಷ್ಟರಲ್ಲಿ ಎಲೆ ಹಾಕಿಬಿಡುತ್ತಾರೆ. ಅದಕ್ಕೇ ಇಲ್ಲಿ ಪೂರ್ತಿ ಬರೆದುಬಿಡೋಣ ಅಂತ.

ಅವರ ಹೆಸರು ಚಾತ್ ಕೊಬ್‌ಜಿತ್ತಿ. ಹುಟ್ಟಿದ್ದು 1954ರಲ್ಲಿ, ಬ್ಯಾಂಕಾಕಿನ ಪಕ್ಕದ ಸಮುತ್ ಸಾಖೊನ್ ಪ್ರಾಂತ್ಯದಲ್ಲಿ. ಕಿವಿಗೊಟ್ಟು ಕೇಳಿದರೆ ಅದು ನಮ್ಮ 'ಸಮುದ್ರ ಸಾಗರ'ವೇ. ಹೆಸರಿಗೆ ತಕ್ಕಂತೆ ಉಪ್ಪಿನ ಗದ್ದೆಗಳ ಊರು. ಆಮೇಲೆ ಬ್ಯಾಂಕಾಕಿನ ಪೋಚಾಂಗ್ ಕಲಾಶಾಲೆಯಲ್ಲಿ ಓದಿದರು. ಅದು ಚಿತ್ರ ಬಿಡಿಸುವವರು, ಕೈಕೆಲಸದವರು ತಯಾರಾಗುವ ಜಾಗ. ಕಾದಂಬರಿಕಾರ ಆಗಬೇಕು ಅಂದವರು ಸಾಮಾನ್ಯವಾಗಿ ಹೋಗುವ ಕಡೆ ಅಲ್ಲ. ಆದರೆ ಅಲ್ಲಿ ಕಲಿತ ಕೈ ಮುಂದೆ ಅನ್ನ ಕೊಟ್ಟಿತು. ಹೊಟ್ಟೆಪಾಡಿಗೆ ಅವರು ಚರ್ಮದ ಕೈಚೀಲ ಮಾಡಿ ಮಾರಿದರು. ಕತ್ತರಿಸುವುದು, ಹೊಲಿಯುವುದು, ಮಾರುವುದು. ಜೊತೆಗೆ ಬರೆಯುವುದು.

ನಾನು ಅಕೌಂಟ್ಸ್ ಕೆಲಸದವನು. ಯಾರಾದರೂ 'ಪೂರ್ಣಾವಧಿ ಬರಹಗಾರ' ಅಂದರೆ ನನ್ನ ಕಣ್ಣು ಮೊದಲು ಜಮಾ ಕಡೆಗೆ ಹೋಗುತ್ತದೆ. ಚಾತ್ ಅವರ ವಿಷಯದಲ್ಲಿ ನನಗೆ ಇಷ್ಟವಾದದ್ದು ಈ ಚೀಲಗಳೇ. ಕಥೆ ದುಡ್ಡು ತರುವ ತನಕ ಬೇರೆಯದೊಂದು ತರುತ್ತಿರಬೇಕು. ಅದು ಸರ್ಕಾರಿ ನೌಕರಿಯೇ ಆಗಬೇಕಿಲ್ಲ, ಮೇಷ್ಟರ ಕೆಲಸವೇ ಆಗಬೇಕಿಲ್ಲ.

1979ರಲ್ಲಿ ಅವರ ಒಂದು ಸಣ್ಣಕಥೆಗೆ 'ಚೋ ಕಾರಕೇತ್' ಬಹುಮಾನ ಬಂತು. ಆ ಕಥೆಯ ಹೆಸರು 'ಸೋತವನು'. ಎರಡು ವರ್ಷಕ್ಕೆ, 1981ರಲ್ಲಿ, 'ಖಾಮ್ ಫಿಫಾಕ್ಸಾ' ಬಂತು. ಕನ್ನಡದಲ್ಲಿ 'ತೀರ್ಪು' ಅನ್ನಬಹುದು. ಮರುವರ್ಷ ಅದಕ್ಕೆ ಸೀ ರೈಟ್ ಪ್ರಶಸ್ತಿ. ಆಗ್ನೇಯ ಏಷ್ಯಾದ ಬರಹಗಾರರಿಗಾಗಿ 1979ರಲ್ಲಿ ಶುರುವಾದ ಈ ಪ್ರಶಸ್ತಿಯನ್ನು ಬ್ಯಾಂಕಾಕಿನ ಓರಿಯೆಂಟಲ್ ಹೋಟೆಲಿನಲ್ಲಿ ಕೊಡುತ್ತಿದ್ದರು. ಚಾವೊ ಫ್ರಾಯಾ ನದಿ ದಂಡೆಯ ಭಾರೀ ಶ್ರೀಮಂತ ಹೋಟೆಲು ಅದು. ಬಹುಮಾನ ಹೋಗಿದ್ದು ಒಬ್ಬ ಹಳ್ಳಿ ಶಾಲೆಯ ಜವಾನನ ಕಥೆಗೆ.

ಅವನ ಹೆಸರು ಫಾಕ್. ಥಾಯ್ ಭಾಷೆಯಲ್ಲಿ ಫಾಕ್ ಅಂದರೆ ಬೂದುಗುಂಬಳ. ಚಿಕ್ಕಂದಿನಲ್ಲಿ ಬೌದ್ಧ ಗುಡಿಯಲ್ಲಿ ಮರಿಭಿಕ್ಷುವಾಗಿದ್ದವನು. ಧರ್ಮದ ಪರೀಕ್ಷೆಗಳನ್ನು ಪಾಸು ಮಾಡಿ ಊರಿಗೇ ಹೆಮ್ಮೆ ತಂದವನು. ಅಪ್ಪ ಮುದುಕನಾಗಿ ಶಾಲೆಯ ಕಸ ಗುಡಿಸುತ್ತಿದ್ದಾನಲ್ಲ ಅಂತ ಕಾವಿ ಬಿಟ್ಟು ಬಂದ. ಆಮೇಲೆ ಸೈನ್ಯಕ್ಕೆ ಕರೆ ಬಂತು. ಅದು ಮುಗಿಸಿ ಮನೆಗೆ ಬಂದರೆ ಅಪ್ಪ ಒಬ್ಬ ಹರೆಯದ ಹೆಂಗಸನ್ನು ಕಟ್ಟಿಕೊಂಡಿದ್ದಾನೆ. ಹೆಸರು ಸೊಮ್‌ಸೊಂಗ್, ತಲೆ ಸರಿ ಇಲ್ಲ. ಸ್ವಲ್ಪ ದಿನಕ್ಕೆ ಅಪ್ಪ ಸತ್ತ. ಅವಳಿಗೆ ಹೋಗಲು ಬೇರೆ ಜಾಗವಿಲ್ಲ, ಫಾಕ್ ಅವಳನ್ನು ಹೊರಗೆ ಹಾಕಲಿಲ್ಲ. ಇರುವುದು ಒಂದು ಗುಡಿಸಲು. ಅಷ್ಟೇ ಸಾಕಾಯಿತು. ಮಲತಾಯಿಯ ಜೊತೆ ಮಲಗುತ್ತಾನೆ ಅಂತ ಊರು ತೀರ್ಮಾನ ಮಾಡಿತು.

ಕಾದಂಬರಿಯಲ್ಲಿ ನನ್ನ ಕೈ ಕಟ್ಟಿಹಾಕಿದಂತೆ ಆಗುವುದು ದುಡ್ಡಿನ ಭಾಗ ಬಂದಾಗ. ಫಾಕ್ ತನ್ನ ಸಂಬಳವನ್ನು ಜೋಪಾನವಾಗಿರಲಿ ಅಂತ ಹೆಡ್‌ಮಾಸ್ಟರ ಹತ್ತಿರ ಇಡುತ್ತಿದ್ದ. ಅಷ್ಟೊತ್ತಿಗೆ ಅವನ ಪಾಲಿಗೆ ಇದ್ದ ಗೆಳೆಯ ಒಬ್ಬನೇ, ಗುಡಿಯ ಹೆಣ ಸುಡುವವನು, ಮುದುಕ ಖೈ. ಅಪ್ಪನ ಹೆಣ ಸುಟ್ಟಾದ ಮೇಲೆ ಮೊದಲ ಗುಟುಕು ಹಾಕಿಸಿದ್ದೂ ಅವನೇ, ಪ್ರೀತಿಯಿಂದ. ಆ ಗುಟುಕು ಮುಂದೆ ಚಟವಾಯಿತು, ಕೆಲಸ ಹೋಯಿತು. ಈಗ ನನ್ನ ದುಡ್ಡು ಕೊಡಿ ಅಂತ ಹೋದರೆ ಹೆಡ್‌ಮಾಸ್ಟರು "ಯಾವ ದುಡ್ಡು?" ಅನ್ನುತ್ತಾರೆ. ಫಾಕ್ ಹತ್ತಿರ ಒಂದು ಚೀಟಿಯೂ ಇಲ್ಲ. ಊರು ಯಾರ ಮಾತು ನಂಬಬೇಕು? ಒಂದು ಕಡೆ ಇಸ್ತ್ರಿ ಬಟ್ಟೆಯ ಮೇಷ್ಟರು, ಇನ್ನೊಂದು ಕಡೆ ಹೆಂಡ ನಾರುವ ಜವಾನ. ಮಾನಹಾನಿ ಮಾಡಿದ ಅಂತ ಫಾಕ್‌ನನ್ನೇ ಹಿಡಿಸುತ್ತಾರೆ.

ಅವನು ಸತ್ತ ಮೇಲೂ ಊರು ಬಿಡುವುದಿಲ್ಲ. ಗುಡಿಗೆ ಚಿಮಣಿ ಇರುವ ಹೊಸ ಸುಡುಗೂಡು ಬಂದಿರುತ್ತದೆ. ಅದು ಸರಿಯಾಗಿ ಉರಿಯುತ್ತದಾ ಅಂತ ಪರೀಕ್ಷೆ ಮಾಡಲು ಒಂದು ಹೆಣ ಬೇಕು. ಮರ್ಯಾದಸ್ಥರ ಹೆಣವನ್ನು ಮೊದಲು ಹಾಕಿ ಏನಾದರೂ ಹೆಚ್ಚುಕಡಿಮೆ ಆದರೆ? ಹಾಗಾಗಿ ಫಾಕ್.

ಚಾತ್ ಈ ಪುಸ್ತಕ ಬರೆದ ಕಾಲವನ್ನೂ ನೋಡಬೇಕು. 1973ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದು ಸೇನಾ ಸರ್ಕಾರವನ್ನು ಇಳಿಸಿದ್ದರು. 1976ರ ಅಕ್ಟೋಬರ್ 6ರಂದು ಥಮ್ಮಾಸಾತ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳನ್ನು ಕೊಂದರು. ಆ ನಡುವಿನ ವರ್ಷಗಳಲ್ಲಿ 'ಬದುಕಿಗಾಗಿ ಸಾಹಿತ್ಯ' ಅನ್ನುವ ಬರವಣಿಗೆ ಜೋರಾಗಿತ್ತು. ಬಡವ ಒಳ್ಳೆಯವನು, ಜಮೀನ್ದಾರ ಕೆಟ್ಟವನು, ಕೊನೆಗೆ ಕೆಂಪು ಸೂರ್ಯ. ಸುಮ್ನೆ ತಮಾಷೆಗೆ ಹೇಳುತ್ತಿದ್ದೇನೆ, ಅದರಲ್ಲೂ ಒಳ್ಳೆಯ ಕಥೆಗಳಿವೆ. 'ತೀರ್ಪು' ಮಾತ್ರ ಬೇರೆ ದಾರಿ ಹಿಡಿಯಿತು. ಇಲ್ಲಿ ಬಡವನನ್ನು ಕೊಲ್ಲುವವರು ಬಡವರೇ, ದಿನಾ ಗುಡಿಗೆ ಬುತ್ತಿ ತೆಗೆದುಕೊಂಡು ಹೋಗುವ ನೆರೆಹೊರೆಯವರೇ. ನನ್ನ ಲೆಕ್ಕದಲ್ಲಿ ಇದು ಜಾಸ್ತಿ ಧೈರ್ಯದ ಬರವಣಿಗೆ.

ಸರಿ, ಪ್ರಶ್ನೆಗೆ ವಾಪಸ್ ಬರೋಣ. ಪ್ರಶಸ್ತಿ ಬಂದ ಮೇಲಾದರೂ ಹೊಟ್ಟೆ ತುಂಬಿತಾ?

ಬರಹಗಾರನಿಗೆ ಸಿಗುವುದು ಸಾಮಾನ್ಯವಾಗಿ ಮುಖಬೆಲೆಯ ನೂರಕ್ಕೆ ಹತ್ತು. 200 ಬಾತ್ ಬೆಲೆಯ ಪುಸ್ತಕ ಅಂದುಕೊಳ್ಳಿ, ಪ್ರತಿಗೆ 20 ಬಾತ್. ಎರಡು ಸಾವಿರ ಪ್ರತಿ ಖರ್ಚಾದರೆ 40,000. ಆ ಎರಡು ಸಾವಿರ ಖರ್ಚಾಗಲು ವರ್ಷಗಳೇ ಹಿಡಿಯಬಹುದು, ಮುಂದಿನ ಪುಸ್ತಕಕ್ಕೆ ಇನ್ನೂ ಕೆಲವು ವರ್ಷ. ಚಾತ್ ನಿಧಾನಕ್ಕೆ ಬರೆಯುವವರು ಬೇರೆ. ಅವರು ತಮ್ಮದೇ ಪ್ರಕಾಶನ ಮಾಡಿಕೊಂಡರು. ಹೆಸರು 'ಹೋನ್', ಅಂದರೆ ನಾಯಿ ಊಳಿಡುವುದು. 'ತೀರ್ಪು' ಹತ್ತಾರು ಮುದ್ರಣ ಕಂಡಿದೆ. ಪ್ರಕಾಶಕರೂ ತಾವೇ ಆದಾಗ ಕಾಗದದ ಖರ್ಚು, ಗೋದಾಮಿನ ಚಿಂತೆ ಮೈಮೇಲೆ ಬೀಳುತ್ತದೆ, ನಿಜ. ಆದರೆ ಹಳೆಯ ಪುಸ್ತಕ ಮಾರಾಟವಾಗುತ್ತಲೇ ಇದ್ದರೆ ಹೊಸದಕ್ಕೆ ಅವಸರ ಇರುವುದಿಲ್ಲ.

ಆ ಅವಸರ ಇಲ್ಲದ್ದರಿಂದಲೇ 'ವೇಲಾ' ಬಂತು ಅನ್ನುವುದು ನನ್ನ ಅನುಮಾನ. 1993ರ ಕಾದಂಬರಿ. ವೇಲಾ ಅಂದರೆ ನಮ್ಮ ವೇಳೆಯೇ, ಅನುವಾದ ಬೇಕಿಲ್ಲ. ವಯಸ್ಸಾದ ಒಬ್ಬ ಸಿನಿಮಾ ನಿರ್ದೇಶಕ ಒಂದು ನಾಟಕ ನೋಡಲು ಹೋಗುತ್ತಾನೆ. ವರ್ಷದ ಅತ್ಯಂತ ಬೋರು ನಾಟಕ ಅಂತ ವಿಮರ್ಶಕರು ಬರೆದಿರುತ್ತಾರೆ. ಅದು ಒಂದು ವೃದ್ಧಾಶ್ರಮದ ಒಂದು ದಿನ. ಅಜ್ಜಿಯರು ಮಲಗುತ್ತಾರೆ, ಏಳುತ್ತಾರೆ, ಊಟಕ್ಕೆ ಕಾಯುತ್ತಾರೆ. ಬಾಗಿಲು ಹಾಕಿದ ಕೋಣೆಯಿಂದ ಒಬ್ಬ ಮುದುಕ ಆಗಾಗ ಏನೂ ಇಲ್ಲ, ಏನೇನೂ ಇಲ್ಲ ಅಂತ ಕೂಗುತ್ತಿರುತ್ತಾನೆ. ನಿರ್ದೇಶಕ ಕೂತಲ್ಲೇ ಇದನ್ನು ಸಿನಿಮಾ ಮಾಡಿದರೆ ಕ್ಯಾಮೆರಾ ಎಲ್ಲಿಡಲಿ ಅಂತ ಯೋಚಿಸುತ್ತಾನೆ. ಮೊದಲ ಸಲ ನಾನೂ ನಲವತ್ತು ಪುಟಕ್ಕೆ ಮಡಚಿಟ್ಟಿದ್ದೆ. ನಮ್ಮಜ್ಜಿ ಹಾಸಿಗೆ ಹಿಡಿದ ವರ್ಷ, ರಾತ್ರಿ ಅವರ ಪಕ್ಕ ಕೂತು ಪೂರ್ತಿ ಓದಿದೆ. 1994ರಲ್ಲಿ ಇದಕ್ಕೂ ಸೀ ರೈಟ್ ಬಂತು. ಥಾಯ್ ಬರಹಗಾರರಲ್ಲಿ ಎರಡು ಸಲ ಅದನ್ನು ಪಡೆದ ಮೊದಲಿಗರು ಚಾತ್.

2004ರಲ್ಲಿ ಸರ್ಕಾರ ಅವರನ್ನು 'ರಾಷ್ಟ್ರೀಯ ಕಲಾವಿದ' ಅಂತ ಗೌರವಿಸಿತು. ಅದರ ಜೊತೆ ತಿಂಗಳ ಗೌರವಧನವೂ ಇರುತ್ತದೆ. ಆದರೂ ವ್ಯಾಪಾರದ ಚಾಳಿ ಬಿಡಲಿಲ್ಲ! ಗೆಳೆಯರ ಗುಂಪೊಂದರ ಕಥೆ ಹೇಳುವ, ಯುವಕರಿಗೆ ಅಚ್ಚುಮೆಚ್ಚಿನ ಅವರ 'ಹುಚ್ಚುನಾಯಿ ತಳಿ' ಕಾದಂಬರಿಯ ಹೆಸರಿನಲ್ಲೇ ಜೀನ್ಸ್ ಪ್ಯಾಂಟು ಮಾರಿದರು. ವಾಸ ಪಾಕ್ ಚೊಂಗ್‌ನಲ್ಲಿ, ಖಾವೊ ಯಾಯ್ ಕಾಡಿನ ಹತ್ತಿರ, ತೋಟದ ಮನೆಯಲ್ಲಿ. ದೊಡ್ಡ ಸಾಹಿತಿ ಪ್ಯಾಂಟು ಮಾರುವುದಾ ಅಂತ ನಮ್ಮಲ್ಲಾದರೆ ಮೂಗು ಮುರಿಯುತ್ತಿದ್ದರು. ಮೊದಲು ಚೀಲ, ಆಮೇಲೆ ಪುಸ್ತಕ, ಕೊನೆಗೆ ಪ್ಯಾಂಟು. ನನಗಂತೂ ಇದೆಲ್ಲ ಒಂದೇ ಖಾತೆಯಲ್ಲಿ ಬರೆಯಬಹುದಾದ ಲೆಕ್ಕ ಅನ್ನಿಸುತ್ತದೆ.

ಹಾಗಾದರೆ ನನ್ನ ಉತ್ತರ? ತುಂಬುತ್ತದೆ, ಆದರೆ ಬರೀ ಬರೆದು ಅಲ್ಲ ಮಾವ. ನನ್ನ ಮೊದಲ ಪುಸ್ತಕದ 500 ಪ್ರತಿ ಏನಾಯಿತು ಅಂತ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ಅವತ್ತು ಎಲ್ಲ ಬಾಯಿಮಾತಿನಲ್ಲೇ ಮುಗಿದಿತ್ತು. ಲೆಕ್ಕ ಬರೆಯುವ ಕೆಲಸದವನಾಗಿ ನನ್ನ ಹತ್ತಿರವೂ ಒಂದು ಚೀಟಿ ಇರಲಿಲ್ಲ. ಎರಡನೆಯದನ್ನು ನಾನೇ ಅಚ್ಚು ಹಾಕಿಸುತ್ತಿದ್ದೇನೆ, 300 ಪ್ರತಿ. ಮೊನ್ನೆ ಪ್ರೆಸ್ಸಿಗೆ ಹೋಗಿ ಅಡ್ವಾನ್ಸ್ ಕೊಟ್ಟೆ. "ರಸೀದಿ ಯಾಕೆ ಸಾರ್, ನಾವೇನು ಓಡಿ ಹೋಗ್ತೀವಾ?" ಅಂದರು. ಬರೆದು ಕೊಡುವ ತನಕ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ.